ಹಸುರು ತಿರುಗಿದ ಆಲೂಗೆಡ್ಡೆ ಅಡುಗೆಗೆ ಸಲ್ಲದು

ಆಲೂಗೆಡ್ಡೆ ಬೆಳೆಯುವ ಮನೆಗಳಲ್ಲಿ ಒಂದು ವಾಡಿಕೆ ಉಂಟು. ದಪ್ಪನೆಯ, ನುಣುಪಾದ ಗೆಡ್ಡೆಗಳು ಮಾರುಕಟ್ಟೆಗೆ ಹೋಗುತ್ತವೆ. ಸಣ್ಣವು, ಗುದ್ದಲಿ ತಗುಲಿದವು, ಹಸುರು ತಿರುಗಿದವು ಮನೆಯ ಅಡುಗೆಗೆ ಉಳಿಯುತ್ತವೆ. ಸಣ್ಣ ಗೆಡ್ಡೆಯನ್ನು ತಿಂದರೆ ದೋಷವೇನಿಲ್ಲ. ಹಸುರು ಗೆಡ್ಡೆಯ ವಿಷಯ ಹಾಗಲ್ಲ.

ಬೆಳಕು ಬಿದ್ದ ಗೆಡ್ಡೆಯ ಸಿಪ್ಪೆಯಡಿಯಲ್ಲಿ ಪತ್ರಹರಿತ್ತು ಉಂಟಾಗಿ ಹಸುರು ಬಣ್ಣ ಬರುತ್ತದೆ. ಬಣ್ಣದಿಂದ ಕೇಡಿಲ್ಲ. ಆದರೆ ಅದೇ ಬೆಳಕಿಗೆ ಸೋಲನಿನ್ ಮತ್ತು ಚಾಕೊನಿನ್ ಎಂಬ ಕಹಿ ವಿಷವಸ್ತುಗಳೂ ಹೆಚ್ಚುತ್ತವೆ. ಒಳ್ಳೆಯ ಗೆಡ್ಡೆಯಲ್ಲಿಯೂ ಇವು ಅಲ್ಪಸ್ವಲ್ಪ ಇರುತ್ತವೆ. 100 ಗ್ರಾಂ ಗೆಡ್ಡೆಯಲ್ಲಿ 20 ಮಿಲಿಗ್ರಾಂ ಮೀರಿದರೆ ತಿನ್ನಲು ಯೋಗ್ಯವಲ್ಲ. ಸಿಪ್ಪೆ ಹಾಗೂ ಮೊಳಕೆಗಳಲ್ಲಿ ಇವುಗಳ ಪ್ರಮಾಣ ಹೆಚ್ಚು. ಬೇಯಿಸಿದರೆ ಎಲ್ಲವೂ ಸರಿಹೋಗುತ್ತದೆಂದು ಹಲವರು ನಂಬಿದ್ದಾರೆ. ಕುದಿಯುವ ನೀರಿನ ಶಾಖಕ್ಕೆ ಈ ವಿಷ ನಾಶವಾಗುವುದಿಲ್ಲ.

ಇಂತಹ ಗೆಡ್ಡೆ ತಿಂದವರಿಗೆ ಗಂಟಲುರಿ, ಹೊಟ್ಟೆನೋವು, ವಾಂತಿ, ಭೇದಿ, ತಲೆನೋವು ಕಾಣಿಸಿಕೊಳ್ಳುತ್ತವೆ. ಹೆಚ್ಚಾದರೆ ಮಂಪರು ಕವಿಯುತ್ತದೆ. 1969ರಲ್ಲಿ ಲಂಡನ್ನಿನ ಒಂದು ಶಾಲೆಯಲ್ಲಿ, ರಜೆಗೆ ಮುಂಚಿನಿಂದ ಉಳಿದಿದ್ದ ಚೀಲದ ಆಲೂಗೆಡ್ಡೆಯನ್ನು ಬೇಯಿಸಿ ಬಡಿಸಿದ್ದರಿಂದ 78 ಹುಡುಗರು ಕಾಯಿಲೆ ಬಿದ್ದರು. 17 ಮಂದಿ ಆಸ್ಪತ್ರೆ ಸೇರಿದರು. ಸೋಲನಿನ್ ವಿಷವೇ ಕಾರಣವೆಂದು ವೈದ್ಯರು ಶಂಕಿಸಿದರು. ಪುಣ್ಯಕ್ಕೆ ಎಲ್ಲರೂ ಗುಣವಾದರು.

ಹಾಸನದ ಕಡೆ ಮುಂಗಾರು ಬೆಳೆಯಲ್ಲಿ ಮಳೆಗೆ ಬೋದಿನ ಮಣ್ಣು ಕೊಚ್ಚಿಹೋಗಿ ಗೆಡ್ಡೆ ಹೊರಗೆ ಕಾಣುವುದು ಸಾಮಾನ್ಯ. ಹಸುರಾಗುವಿಕೆ ಅಲ್ಲಿಂದಲೇ ಆರಂಭ. ಬಿತ್ತಿದ ಸುಮಾರು 30 ದಿನಗಳಿಗೆ ಮಣ್ಣೇರಿಸುವುದು ರೈತರಿಗೆ ಗೊತ್ತಿರುವುದೇ. ಜೋರು ಮಳೆ ಬಿದ್ದ ಮೇಲೆ ಇನ್ನೊಮ್ಮೆ ಸಾಲು ಸುತ್ತಿ, ತೆರೆದುಕೊಂಡ ಕಡೆ ಮಣ್ಣು ಮುಚ್ಚುವುದು ಲೇಸು. ಕಿತ್ತ ಗೆಡ್ಡೆಗಳನ್ನು ನೆರಳಿನಲ್ಲಿ ಆರಿಸಿ, ಗಾಳಿಯಾಡುವ ಕತ್ತಲೆ ಕೋಣೆಯಲ್ಲಿಡಬೇಕು.

ಬಿತ್ತನೆ ಗೆಡ್ಡೆಯ ಮಾತು ಬೇರೆ. ಮಂದ ಬೆಳಕಿನಲ್ಲಿಟ್ಟು ಗಿಡ್ಡನೆಯ, ಗಟ್ಟಿಯಾದ ಹಸುರು ಮೊಳಕೆ ಬರಿಸುವುದು ಬಿತ್ತನೆಗೆ ಒಳ್ಳೆಯದೇ. ಆದರೆ ಬಿತ್ತಿ ಉಳಿದದ್ದನ್ನು ಸಾರಿಗೆ ಹಾಕಬಾರದು. ಶಿಲೀಂಧ್ರನಾಶಕದಿಂದ ಉಪಚರಿಸಿದ್ದರಂತೂ ಮುಟ್ಟಲೇಬಾರದು. ಹಸುರು ಗೆಡ್ಡೆ, ಮೊಳಕೆಗಳು ದನಗಳಿಗೂ ಅಪಾಯಕರ. ಕೊಟ್ಟಿಗೆಗೆ ಹಾಕದೆ ಗುಂಡಿಯಲ್ಲಿ ಹೂಳಿರಿ.

ಚಿಕ್ಕ ಹಸುರು ಮಚ್ಚೆಯಿದ್ದರೆ ಸಿಪ್ಪೆಯನ್ನು ದಪ್ಪಗೆ ಹೆರೆದು, ಕಣ್ಣುಗಳನ್ನು ಕೊರೆದು ಬಳಸಬಹುದು. ಬಹುಭಾಗ ಹಸುರಾಗಿದ್ದರೆ ಬಿಸಾಡಿರಿ. ಮಕ್ಕಳ ಮೈತೂಕ ಕಡಿಮೆಯಿರುವುದರಿಂದ ಸ್ವಲ್ಪ ವಿಷವೂ ಅವರಿಗೆ ಬೇಗ ತಾಗುತ್ತದೆ. ಪಲ್ಯ ಕಹಿಯೆನಿಸಿದರೆ ಉಪ್ಪು ಖಾರ ಹೆಚ್ಚಿಸಿ ಬಡಿಸದೆ, ಪಾತ್ರೆ ಸಮೇತ ಹೊರಗೆ ಸುರಿಯಿರಿ.