ಮೂರು ವರ್ಷ ಪೂರ್ತಿ ಬಳಸಿಕೊಳ್ಳಿ

ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಸರ್ಕಾರಿ ಹೈಸ್ಕೂಲುಗಳಿಗೆ ಎಂಟನೇ ತರಗತಿಗೆ ಸೇರಿರುವ ಮಕ್ಕಳೇ, ಏಳರವರೆಗೆ ನಿಮ್ಮ ಪಕ್ಕ ಕೂತವರಲ್ಲಿ ಕೆಲವರು ಈಗ ಹಳದಿ ವ್ಯಾನು ಹತ್ತಿ ಇಂಗ್ಲಿಷ್ ಶಾಲೆಗೆ ಹೋಗುತ್ತಿರಬಹುದು. ಮದುವೆಮನೆಯಲ್ಲಿ ಯಾರೋ ನೆಂಟರು ‘ಗೌರ್ಮೆಂಟ್ ಸ್ಕೂಲಾ?’ ಎಂದು ಮೂಗು ಮುರಿದಿರಬಹುದು. ಅದಕ್ಕೆಲ್ಲ ತಲೆ ತಗ್ಗಿಸಬೇಡಿ. ಶಾಲೆಯಲ್ಲಿ ಇರುವುದನ್ನು ಪೂರ್ತಿ ಬಳಸಿಕೊಂಡವರು ಮುಂದೆ ಬರುತ್ತಾರೆ.

ಮೊದಲು ಭಾಷೆ. ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ಆಡುವುದು ತೆಲುಗು. ‘ಕನ್ನಡ ಬರೆಯೋದು ಕಷ್ಟ, ಇಂಗ್ಲಿಷ್ ಅಂತೂ ಬರೋದೇ ಇಲ್ಲ’ ಎಂದು ಕೈಚೆಲ್ಲಬೇಡಿ. ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರ ಮನೆಮಾತು ತಮಿಳು. ಅವರು ಎಂ.ಎ. ಮಾಡಿದ್ದು ಇಂಗ್ಲಿಷಿನಲ್ಲಿ, ಜ್ಞಾನಪೀಠ ಪಡೆದದ್ದು ಕನ್ನಡದಲ್ಲಿ. ಮನೆಯ ಮಾತನ್ನು ಬಿಡದೆಯೇ ಇನ್ನೆರಡನ್ನು ಕಲಿಯಬಹುದು. ದಿನಕ್ಕೊಂದು ಪುಟ ಕನ್ನಡ, ನಾಲ್ಕು ಸಾಲು ಇಂಗ್ಲಿಷ್ ಸ್ವಂತವಾಗಿ ಬರೆಯಿರಿ. ಗೈಡು ನೋಡಿ ಇಳಿಸಿದ್ದು ಬರವಣಿಗೆಯಲ್ಲ.

ಎಂಟನೇ ತರಗತಿಯಲ್ಲೇ ವಿದ್ಯಾರ್ಥಿವೇತನದ ಎನ್‌ಎಂಎಂಎಸ್ ಪರೀಕ್ಷೆ ಬರುತ್ತದೆ. ಅದು ಸರ್ಕಾರಿ, ಅನುದಾನಿತ ಶಾಲೆಗಳ ಬಡಮನೆ ಮಕ್ಕಳಿಗೆಂದೇ ಇರುವುದು. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲೇ ಓದಿದವರಿಗೆ ಸಿಇಟಿಯಲ್ಲಿ ಶೇ. 5ರ ಮೀಸಲಾತಿಯೂ ಇದೆ. ವಿದ್ಯಾರ್ಥಿವೇತನಕ್ಕೆ ಮೇಷ್ಟ್ರನ್ನು ಕೇಳಿ ಈಗಲೇ ಅರ್ಜಿ ಹಾಕಿ. ನಾಚಿಕೊಂಡು ಕೂತರೆ ನಷ್ಟ ನಿಮಗೇ.

ಫೇಲಾದರೆ? 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಸಾಹಿತಿ ಡಿ.ವಿ. ಗುಂಡಪ್ಪನವರು ಮೆಟ್ರಿಕ್ ದಾಟಲಿಲ್ಲ. ಇದನ್ನು ಸೋಮಾರಿತನಕ್ಕೆ ನೆಪ ಮಾಡಿಕೊಳ್ಳಬೇಡಿ. ಅವರು ಪರೀಕ್ಷೆಯಲ್ಲಿ ಸೋತರೂ ಓದು ಬಿಟ್ಟವರಲ್ಲ. ಪತ್ರಿಕೆಗಳಲ್ಲಿ ದುಡಿಯುತ್ತ ಜೀವನವಿಡೀ ಓದಿದರು. ಈಗಂತೂ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಮೊದಲನೆಯದು ಕೈಕೊಟ್ಟರೆ ಎರಡನೆಯದಕ್ಕೆ ಕೂರಿ.

ಇನ್ನು ಮೈದಾನ. ಖೋಖೋಗೆ ಎರಡು ಕಂಬ, ಒಂದಿಷ್ಟು ನೆಲ ಸಾಕು. ಎಂಟು ಜನ ಒಬ್ಬರು ಅತ್ತ, ಒಬ್ಬರು ಇತ್ತ ಮುಖ ಮಾಡಿ ಕೂರಬೇಕು. ಹಿಂದಿನಿಂದ ‘ಖೋ’ ಎಂದ ಮೇಲೇ ಏಳಬೇಕು. ತನ್ನ ಸರದಿ ಕಾಯುವುದು, ಬಂದಾಗ ತಡಮಾಡದಿರುವುದು, ಎರಡನ್ನೂ ಅದು ಕಲಿಸುತ್ತದೆ. 2025ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋಖೋ ವಿಶ್ವಕಪ್ ಗೆದ್ದ ಭಾರತದ ತಂಡಗಳಲ್ಲಿ ಕರ್ನಾಟಕದ ಎಂ.ಕೆ. ಗೌತಮ್, ಬಿ. ಚೈತ್ರಾ ಇದ್ದರು. ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ಹೆಸರು ಕೊಡಿ, ಹೆಣ್ಣುಮಕ್ಕಳೂ ಕೊಡಿ. ಹತ್ತಕ್ಕೆ ಬಂದ ಕೂಡಲೇ ಮಕ್ಕಳ ಆಟ ಬಿಡಿಸುವ ಅಪ್ಪ ಅಮ್ಮಂದಿರಿಗೂ ಒಂದು ಮಾತು: ಓದಿನ ಹೊತ್ತನ್ನು ತಿನ್ನುತ್ತಿರುವುದು ಸಂಜೆಯ ಆಟವಲ್ಲ, ರಾತ್ರಿಯ ಮೊಬೈಲು. ಆಟ ಒಗ್ಗದವರಿಗೆ ಪ್ರತಿಭಾ ಕಾರಂಜಿ ಇದೆ. ಹಾಡಿ, ಭಾಷಣ ಮಾಡಿ, ಒಮ್ಮೆ ವೇದಿಕೆ ಹತ್ತಿ.

ಟೊಮೆಟೊ ಕೀಳುವ ಕಾಲಕ್ಕೆ ತರಗತಿಯ ಬೆಂಚುಗಳು ಖಾಲಿಯಾಗುತ್ತವೆ. ಮನೆಗೆ ನೆರವಾಗುವುದು ಒಳ್ಳೆಯದೇ, ಅದು ಭಾನುವಾರಕ್ಕಿರಲಿ. ನರಸಾಪುರದ ಕಾರ್ಖಾನೆಗಳಿಗೆ ಕೆಲಸಕ್ಕೆ ಹೋಗುವ ಆತುರವೂ ಬೇಡ, ಆ ಬಸ್ಸು ಎಲ್ಲಿಗೂ ಓಡಿಹೋಗುವುದಿಲ್ಲ. ಆದರೆ ಓದು ಮುಗಿಸಿ ಹೋದವರಿಗೂ ಅರ್ಧಕ್ಕೆ ಬಿಟ್ಟು ಹೋದವರಿಗೂ ಅಲ್ಲಿ ಸಿಗುವ ಕೆಲಸ, ಸಂಬಳ ಬೇರೆ ಬೇರೆ. ಹೆಣ್ಣುಮಕ್ಕಳೇ, ಹದಿನೆಂಟು ತುಂಬುವ ಮೊದಲೇ ಮನೆಯಲ್ಲಿ ಮದುವೆ ಮಾತೆದ್ದರೆ ಟೀಚರಿಗೆ ಹೇಳಿ, ಇಲ್ಲವೇ 1098ಕ್ಕೆ ಫೋನ್ ಮಾಡಿ. ಅದು ಅಪ್ಪ ಅಮ್ಮನಿಗೆ ಮಾಡುವ ದ್ರೋಹವಲ್ಲ, ಕಾನೂನು ನಿಮಗೆ ಕೊಟ್ಟ ಹಕ್ಕು.

ಶಾಲೆಯ ಗೋಡೆಗೆ ಸುಣ್ಣ ಇಲ್ಲದಿರಬಹುದು, ಒಂದೆರಡು ವಿಷಯಕ್ಕೆ ಮೇಷ್ಟ್ರು ಇಲ್ಲದಿರಬಹುದು. ಅದನ್ನು ಕೇಳಿ ಪಡೆಯುವುದು ದೊಡ್ಡವರ ಜವಾಬ್ದಾರಿ, ನಾವು ಕೇಳುತ್ತೇವೆ. ನೀವು ಒಂದು ದಿನವೂ ತಪ್ಪಿಸದೆ ಶಾಲೆಗೆ ಹೋಗಿ.