ಪರದೆಗೋಡೆ: ಯಾವ ಕ್ರಮದಲ್ಲಿ ತೋರಿಸಬೇಕು?



ನಾಲ್ಕಾರು ಟಿ.ವಿ. ಪರದೆಗಳನ್ನು ಒತ್ತಾಗಿ ಜೋಡಿಸಿ ಗೋಡೆಯಂತೆ ನಿಲ್ಲಿಸುವುದಕ್ಕೆ ವೀಡಿಯೋ ವಾಲ್ ಎನ್ನುತ್ತಾರೆ. ಮದುವೆ ಹಾಲ್‌ಗಳಲ್ಲಿ ನಾವು ನೋಡಿದ ಈ ಏರ್ಪಾಡು ಸಹಕಾರಿ ಸಂಘಗಳ ಸಭಾಭವನಕ್ಕೂ ಬೇಕೆಂಬ ಮಾತು ಕೇಳಿಬರುತ್ತಿದೆ. ಪರದೆ ಎಷ್ಟು ದೊಡ್ಡದೆಂದು ಎಲ್ಲರೂ ವಿಚಾರಿಸುತ್ತಾರೆ. ಅದರಲ್ಲಿ ಯಾವ ಕ್ರಮದಿಂದ ತೋರಿಸುವುದೆಂದು ಕೇಳುವವರು ವಿರಳ. ಮಹಾಸಭೆಯಲ್ಲಿ ಜಮಾ-ಖರ್ಚಿಗೆ ಕೈಯೆತ್ತಿ ಮಂಜೂರಾತಿ ನೀಡುವವರು ನಾವು. ಹಿಂದಿನ ಸಾಲಿನ ಸದಸ್ಯರಿಗೆ ಅಂಕೆಯೇ ಕಾಣದಿದ್ದರೆ ಆ ಮಂಜೂರಾತಿಗೆ ಬೆಲೆಯೆಷ್ಟು?

ಕ್ರಮಗಳು ಮುಖ್ಯವಾಗಿ ಮೂರು. ಒಂದೇ ಚಿತ್ರವನ್ನು ಎಲ್ಲ ಪರದೆಗಳ ಮೇಲೆ ಹರಡುವುದು ಒಂದು. ಅದೇ ಚಿತ್ರವನ್ನು ಪ್ರತಿ ಪರದೆಯಲ್ಲೂ ಪೂರ್ತಿಯಾಗಿ ತೋರಿಸುವುದು ಇನ್ನೊಂದು. ಒಂದೊಂದು ಪರದೆಯಲ್ಲಿ ಒಂದೊಂದು ವಿಷಯ ತೋರಿಸುವುದು ಮೂರನೆಯದು. ಈ ಹಂಚಿಕೆಯನ್ನು ಮಾಡುವುದು ಕಂಟ್ರೋಲರ್ ಎಂಬ ಪೆಟ್ಟಿಗೆ. ಅಗ್ಗವೆಂದು ಬರಿಯ ಸ್ಪ್ಲಿಟರ್ ಕೊಂಡರೆ ಎರಡನೆಯ ಕ್ರಮ ಬಿಟ್ಟು ಬೇರೇನೂ ಆಗದು.

2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿಯುವುದನ್ನು ತಾವೆಲ್ಲ ನೋಡಿರುತ್ತೀರಿ. ಬೆಂಗಳೂರಿನ ಇಸ್ಟ್ರಾಕ್ ಕೇಂದ್ರದ ದೊಡ್ಡ ಪರದೆಯಲ್ಲಿ ಇಳಿಯುವ ಪಥದ ಗೆರೆ, ವೇಗ, ಎತ್ತರಗಳು ಬೇರೆ ಬೇರೆ ಕಡೆ ಒಟ್ಟಿಗೇ ಕಾಣುತ್ತಿದ್ದವು. ಅದು ಚಂದವೆಂದು ನಮ್ಮ ಹಾಲಿಗೂ ಅದನ್ನೇ ತರುವುದು ಸರಿಯಲ್ಲ. ಅಲ್ಲಿ ಪ್ರತಿ ವಿಜ್ಞಾನಿಯ ಮುಂದೆ ಅವರದೇ ಕಂಪ್ಯೂಟರ್ ಇರುತ್ತದೆ. ನಮ್ಮ ಸದಸ್ಯರಿಗೆ ಗೋಡೆಯೊಂದೇ ಆಧಾರ.

ಆದುದರಿಂದ ಲೆಕ್ಕವನ್ನು ಹಿಂದಿನ ಬೆಂಚಿನಿಂದ ಆರಂಭಿಸಬೇಕು. ದೂರದ ಇನ್ನೂರನೆಯ ಒಂದು ಪಾಲಿನಷ್ಟು ಅಕ್ಷರ ಎತ್ತರವಿರಬೇಕೆಂಬುದು ರೂಢಿಯ ಅಳತೆ. 15 ಮೀಟರ್ ದೂರಕ್ಕೆ ಏಳೂವರೆ ಸೆಂಟಿಮೀಟರ್ ಬೇಕು. ಕನ್ನಡಕ್ಕೆ ಒತ್ತಕ್ಷರ ಇರುವುದರಿಂದ ಸಾಲಿಗೆ ಅದರ ಒಂದೂವರೆ ಪಟ್ಟು ಜಾಗ ಬಿಡಿ. 55 ಇಂಚಿನ ಪರದೆಯ ಎತ್ತರ ಸುಮಾರು 68 ಸೆಂಟಿಮೀಟರ್. ಎರಡರ ಮೇಲೆ ಎರಡು ಜೋಡಿಸಿ ಒಂದೇ ಚಿತ್ರ ಹರಡಿದರೂ ಹಿಂದಿನವರಿಗೆ ಓದಲಾಗುವುದು ಹೆಚ್ಚೆಂದರೆ 12 ಸಾಲು. ಅದೇ ನಾಲ್ಕು ಪರದೆಗಳನ್ನು ಬಿಡಿಸಿ, ಹಾಲಿನ ಎರಡು ಬದಿಗಳಲ್ಲಿ ಅಲ್ಲಲ್ಲಿ ತೂಗುಹಾಕಿ, ಎಲ್ಲದರಲ್ಲೂ ಒಂದೇ ಪುಟ ತೋರಿಸಿದರೆ? ಯಾರಿಗೂ 5 ಮೀಟರಿಗಿಂತ ದೂರವಾಗದಂತೆ ಇಟ್ಟರೆ ಎರಡೂವರೆ ಸೆಂಟಿಮೀಟರ್ ಅಕ್ಷರ ಸಾಕು, 18 ಸಾಲು ಹಿಡಿಯುತ್ತದೆ. ಉದ್ದನೆಯ, ಕಂಬಗಳಿರುವ ಹಾಲಿಗೆ ಗೋಡೆ ಕಟ್ಟುವುದಕ್ಕಿಂತ ಇದೇ ಮೇಲೆಂದು ನನ್ನ ಅಭಿಪ್ರಾಯ. ಮಾರಲು ಬಂದವರು ಇದನ್ನು ಹೇಳುವುದು ಕಡಿಮೆ.

ಗೋಡೆಯೇ ಬೇಕೆಂದಾದರೆ ಸಂದಿಯನ್ನು ಗಮನಿಸಿ. ಇದಕ್ಕೆಂದೇ ಮಾಡಿದ ಪರದೆಗಳಲ್ಲಿ ಎರಡರ ನಡುವಿನ ಸಂದಿ 3.5 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಇರುವುದುಂಟು. ಮನೆಬಳಕೆಯ ಟಿ.ವಿ.ಗಳನ್ನು ಜೋಡಿಸಿದರೆ 2 ಸೆಂಟಿಮೀಟರ್ ತನಕ ಆದೀತು. ಕಂಟ್ರೋಲರಿನಲ್ಲಿ 'ಬೆಜೆಲ್ ಕಾಂಪನ್ಸೇಶನ್' ಎಂಬ ಒಂದು ಸೌಲಭ್ಯವಿದೆ. ಕಿಟಕಿಯ ಸರಳಿನ ಹಿಂದೆ ಅಂಗಳ ಮರೆಯಾಗುವಂತೆ, ಚಿತ್ರದ ಅಷ್ಟು ಭಾಗವನ್ನು ಅದು ಸಂದಿಯ ಹಿಂದೆ ಮರೆಮಾಡುತ್ತದೆ. ಯಕ್ಷಗಾನದ ವೀಡಿಯೋಕ್ಕೆ ಇದು ಒಳ್ಳೆಯದು, ವೇಷದ ಮುಖ ಸೊಟ್ಟಗಾಗದು. ಲೆಕ್ಕದ ಪುಟಕ್ಕೆ ಮಾತ್ರ ಬೇಡವೇ ಬೇಡ. ಡಿವಿಡೆಂಡ್ 8.5 ಎಂಬಲ್ಲಿನ ಬಿಂದು ಸಂದಿಯಲ್ಲಿ ಅಡಗಿದರೆ 85 ಆದೀತು. ಸದಸ್ಯರಿಗೆ ಸಂತೋಷ, ಕಾರ್ಯದರ್ಶಿಗೆ ಸಂಕಟ! ಮಹಾಸಭೆಯ ದಿನ ಆ ಸೌಲಭ್ಯವನ್ನು ಆರಿಸಿಟ್ಟು, ಸಂದಿ ಬರುವಲ್ಲಿ ಅಂಕೆ ಬಾರದಂತೆ ಪುಟ ತಯಾರಿಸತಕ್ಕದ್ದು.

ಆಕಾರದ ಬಗ್ಗೆಯೂ ಒಂದು ಮಾತು. ಪರದೆಯ ಅಗಲ-ಎತ್ತರ 16ಕ್ಕೆ 9. ಎರಡರ ಮೇಲೆ ಎರಡಿಟ್ಟರೂ, ಮೂರು ಸಾಲಿನಲ್ಲಿ ಮೂರು ಮೂರಿಟ್ಟರೂ ಅದೇ ಪ್ರಮಾಣ ಉಳಿಯುತ್ತದೆ. ಮೂರನ್ನು ಅಡ್ಡಕ್ಕೆ ಒಂದೇ ಸಾಲಾಗಿ ಇಟ್ಟರೆ 48ಕ್ಕೆ 9 ಆಗಿ, ಹರಡಿದ ಚಿತ್ರದಲ್ಲಿ ಅಧ್ಯಕ್ಷರು ಮೂರು ಪಟ್ಟು ದಪ್ಪವಾಗುತ್ತಾರೆ. ಅದೇ ಮೂರನ್ನು ಉದ್ದಕ್ಕೆ ನಿಲ್ಲಿಸಿ ಪಕ್ಕಪಕ್ಕ ಜೋಡಿಸಿದರೆ 27ಕ್ಕೆ 16. ಇದು ಸಾಮಾನ್ಯ ಚಿತ್ರದ ಆಕಾರಕ್ಕೆ ಬಹಳ ಸಮೀಪ. ಚಿತ್ರವನ್ನು ತಿರುಗಿಸಬಲ್ಲ ಕಂಟ್ರೋಲರ್ ಇದ್ದರಾಯಿತು.

ಒಂದೊಂದರಲ್ಲಿ ಒಂದೊಂದು ವಿಷಯ ತೋರಿಸುವ ಕ್ರಮಕ್ಕೆ ತಕ್ಕ ಸ್ಥಳ ಅಡಿಕೆ ಖರೀದಿ ಕೇಂದ್ರ. ಅಲ್ಲಿ ಜನ ನಿಲ್ಲುವುದು ನಾಲ್ಕೈದು ಮೀಟರ್ ದೂರದಲ್ಲಿ. ಹೊಸ ಅಡಿಕೆ, ಹಳೆ ಅಡಿಕೆ, ಪಟೋರ, ಕರಿಗೋಟುಗಳ ಧಾರಣೆ ಒಂದರಲ್ಲಿ, ಕೊಕ್ಕೊ-ಕಾಳುಮೆಣಸಿನದು ಇನ್ನೊಂದರಲ್ಲಿ, ಟೋಕನ್ ಸಂಖ್ಯೆ ಮತ್ತೊಂದರಲ್ಲಿ, ತಕ್ಕಡಿಯ ತೂಕ ಕೊನೆಯದರಲ್ಲಿ. ತೂಕ ಎಲ್ಲರ ಕಣ್ಣೆದುರು ಕಂಡರೆ ಅರ್ಧ ತಕರಾರು ಅಲ್ಲಿಗೇ ಮುಗಿಯುತ್ತದೆ.

ಕೊಳ್ಳುವ ಮೊದಲು ಪ್ರಾತ್ಯಕ್ಷಿಕೆಗೆ ಬಂದವರ ಕೈಗೆ ನಮ್ಮದೇ ಕಳೆದ ವರ್ಷದ ಜಮಾ-ಖರ್ಚಿನ ಪುಟ ಕೊಡಿ. ಸಿನಿಮಾ ಹಾಡು ಯಾವ ಪರದೆಯಲ್ಲೂ ಚಂದವೇ. ಕನ್ನಡಕ ಹಾಕುವ ಹಿರಿಯರೊಬ್ಬರನ್ನು ಕೊನೆಯ ಬೆಂಚಿನಲ್ಲಿ ಕುಳ್ಳಿರಿಸಿ ಓದಿಸಿ ನೋಡಿ. ಖರೀದಿ, ಮಹಾಸಭೆ, ಸಮಾರಂಭ ಎಂದು ಮೂರು ಕ್ರಮಗಳನ್ನು ಮೊದಲೇ ಉಳಿಸಿಕೊಡಲು ಹೇಳಿ. ಮಳೆಗಾಲದಲ್ಲಿ ಕರೆಂಟು ಹೋಗಿ ಬರುವುದು ಇದ್ದದ್ದೇ; ಬಂದಾಗ ಪೆಟ್ಟಿಗೆ ಯಾವ ಕ್ರಮಕ್ಕೆ ಮರಳುತ್ತದೆಂಬುದನ್ನೂ ಅವರ ಎದುರಿನಲ್ಲೇ ಸ್ವಿಚ್ ಆರಿಸಿ ಪರೀಕ್ಷಿಸಿ.