ಮುಖ ಕಾಣದ ಫೋಟೋ: ಸಂಕೇತಗಳಲ್ಲಿ ಹೆಣ್ಣಿನ ಮನಸ್ಸು

ಫೋಟೋ ಅಂದರೆ ಮುಖ ಎಂದೇ ನಾವೆಲ್ಲ ತಿಳಿದುಕೊಂಡಿದ್ದೇವೆ. ಆಧಾರ್ ಕಾರ್ಡಿನಲ್ಲಿ ಮುಖ, ಹಾಲ್ ಟಿಕೆಟ್‌ನಲ್ಲಿ ಮುಖ, ಮದುವೆ ಆಲ್ಬಮ್ ತೆರೆದರೆ ನೂರಾರು ಮುಖ. ಹೀಗಿರುವಾಗ ಗೋಡೆಪತ್ರಿಕೆಗೆ "ನಮ್ಮ ಮನೆಯ ಹೆಣ್ಣುಮಕ್ಕಳು" ಎಂಬ ವಿಷಯ ಕೊಟ್ಟು ಫೋಟೋ ತನ್ನಿ ಎಂದಾಗ ನಮ್ಮ ತರಗತಿಯಲ್ಲಿ ಗುಸುಗುಸು ಶುರುವಾಯಿತು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ತಾಯಂದಿರು, ಅಜ್ಜಿಯಂದಿರು ತಮ್ಮ ಮುಖ ಗೋಡೆ ಮೇಲೆ ಬರುವುದಕ್ಕೆ ಒಪ್ಪುವುದಿಲ್ಲ. ಕೆಲವರಿಗೆ ಅದು ಪರ್ದಾದ ವಿಷಯ, ಕೆಲವರಿಗೆ ನಾಚಿಕೆ, ಇನ್ನು ಕೆಲವರಿಗೆ ವಾಟ್ಸಾಪ್‌ನಲ್ಲಿ ಎಲ್ಲಿಂದ ಎಲ್ಲಿಗೆ ಹೋಗುತ್ತದೋ ಎಂಬ ಭಯ. ಇದು ಮುಸ್ಲಿಂ ಮನೆಗಳ ಮಾತು ಮಾತ್ರ ಎಂದುಕೊಳ್ಳಬೇಡಿ. ಹಳ್ಳಿಗಳಿಂದ ಬಸ್ಸಿನಲ್ಲಿ ಬರುವ ನಮ್ಮ ಹಿಂದೂ ಗೆಳತಿಯರ ತಾಯಂದಿರೂ ಫೋನ್ ಎತ್ತಿದ ಕೂಡಲೇ ಸೆರಗು ಅಡ್ಡ ಹಿಡಿದರಂತೆ.

ಮುಖವಿಲ್ಲದೆಯೂ ಒಬ್ಬ ಹೆಂಗಸಿನ ಫೋಟೋ ತೆಗೆಯಬಹುದು. ಅದಕ್ಕೆ ಸಾಂಕೇತಿಕ ಫೋಟೋಗ್ರಫಿ ಎನ್ನುತ್ತಾರೆ. ನಾನು ಕಾಮರ್ಸ್ ವಿದ್ಯಾರ್ಥಿನಿ, ಕಲಾವಿದೆ ಅಲ್ಲ. ಓದಿ ತಿಳಿದದ್ದನ್ನೂ ನಾವು ನಾಲ್ಕೈದು ಜನ ಸೇರಿ ಮಾಡಿ ನೋಡಿದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸಂಕೇತ ಎಂದರೇನು ನೋಡೋಣ. ನಮ್ಮ ಅಕೌಂಟೆನ್ಸಿಯಲ್ಲಿ ವೋಚರ್ ಇದೆಯಲ್ಲ, ಅದು ಹಣವಲ್ಲ. ಆದರೆ ಹಣ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗಿದ್ದಕ್ಕೆ ಅದೇ ಸಾಕ್ಷಿ. ಸಂಕೇತವೂ ಹಾಗೆ. ದುಃಖವನ್ನು, ಹೆಮ್ಮೆಯನ್ನು ಕ್ಯಾಮೆರಾ ಹಿಡಿಯಲಾರದು. ಆದರೆ ಆ ದುಃಖ, ಆ ಹೆಮ್ಮೆ ಮುಟ್ಟಿ ಹೋದ ಒಂದು ವಸ್ತುವನ್ನು ಹಿಡಿಯಬಹುದು. ಸಾಹಿತ್ಯದಲ್ಲಿ ಇದು ನಮಗೆ ಹೊಸದಲ್ಲ. ಹಾಸನದ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಿತು. ದೀಪಾ ಭಾಸ್ತಿ ಅವರು ಇಂಗ್ಲಿಷಿಗೆ ಅನುವಾದಿಸಿದ ಆ ಪುಸ್ತಕಕ್ಕೆ ಹೆಸರು ಕೊಟ್ಟ ಕಥೆ 'ಎದೆಯ ಹಣತೆ'. ಅಲ್ಲಿ ಹಣತೆ ಎಂದರೆ ಎಣ್ಣೆ ಬತ್ತಿಯ ಹಣತೆ ಮಾತ್ರ ಎಂದು ಯಾರೂ ಓದುವುದಿಲ್ಲ. ಉರ್ದು ಮನೆಯಲ್ಲಿ ಬೆಳೆದ ನಮಗಂತೂ ಶಮಾ, ಪರ್ವಾನಾ, ಅಂದರೆ ದೀಪ ಮತ್ತು ಪತಂಗ ಎಂದ ಕೂಡಲೇ ಏನು ಹೇಳುತ್ತಿದ್ದಾರೆ ಎಂದು ಗೊತ್ತಾಗಿಬಿಡುತ್ತದೆ.

ಕಷ್ಟ ಇರುವುದೂ ಇಲ್ಲಿಯೇ. ಎಲ್ಲರಿಗೂ ತಕ್ಷಣ ಗೊತ್ತಾಗುವ ಸಂಕೇತ ಬೇಗ ಸವೆದುಹೋಗುತ್ತದೆ. ಮಹಿಳೆಯರ ಭಾವನೆ ಎಂದು ಫೋನಿನಲ್ಲಿ ಹುಡುಕಿ ನೋಡಿ: ಒಡೆದ ಬಳೆ, ಬಾಡಿದ ಗುಲಾಬಿ, ಪಂಜರದ ಹಕ್ಕಿ, ಕಿಟಕಿ ಸರಳಿನ ಹಿಂದೆ ಬುರ್ಖಾ ಹಾಕಿದ ನೆರಳು. ಕೊನೆಯದನ್ನು ನೋಡಿದಾಗ ನನಗೆ ಸಿಟ್ಟು ಬರುತ್ತದೆ. ನಮ್ಮ ಮನೆ ಕಿಟಕಿಗೂ ಸರಳಿದೆ, ಕಳ್ಳರು ಬರದಿರಲಿ ಎಂದು ಹಾಕಿಸಿದ್ದು. ಅದರ ಹಿಂದೆ ಕೂತು ಅಮ್ಮಿ ಹೊಲಿಗೆ ಹಾಕುತ್ತಾ ಬೀದಿಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸುತ್ತಾರೆ. ಹೊರಗಿನಿಂದ ಯಾರಾದರೂ ಫೋಟೋ ತೆಗೆದು "ಬಂಧನ" ಎಂದು ಹೆಸರಿಟ್ಟರೆ ಅದು ಅಮ್ಮಿಯ ಅನುಭವವಲ್ಲ, ತೆಗೆದವರ ಅಭಿಪ್ರಾಯ. ಹೆಣ್ಣಿನ ಮನಸ್ಸಿನ ಸಂಕೇತವನ್ನು ಆರಿಸಬೇಕಾದವರು ಯಾರು, ಕ್ಯಾಮೆರಾ ಹಿಡಿದವರೋ ಅಥವಾ ಆ ಹೆಣ್ಣೋ ಎನ್ನುವುದೇ ಈ ಪಾಠದಲ್ಲಿ ನನಗೆ ಮುಖ್ಯವಾಗಿ ಕಂಡ ಪ್ರಶ್ನೆ.

ಈ ಪ್ರಶ್ನೆಯನ್ನು ನಮಗಿಂತ ಬಹಳ ಮೊದಲೇ ಕೇಳಿಕೊಂಡವರು ದೆಹಲಿಯ ಫೋಟೋಗ್ರಾಫರ್ ಶೀಬಾ ಛಾಛಿ. 1980ರ ದಶಕದಲ್ಲಿ ಅವರು ವರದಕ್ಷಿಣೆ ಸಾವುಗಳ ವಿರುದ್ಧ ನಡೆದ ಮೆರವಣಿಗೆಗಳ ಫೋಟೋ ತೆಗೆಯುತ್ತಿದ್ದರು. ಮೆರವಣಿಗೆಯ ಫೋಟೋ ಹೇಗಿರುತ್ತದೆ ಎಂದು ನಿಮಗೆ ಗೊತ್ತು: ಎತ್ತಿದ ಕೈ, ಕೂಗುವ ಬಾಯಿ. ಆ ಹೆಂಗಸು ಮನೆಗೆ ಹೋಗಿ ಏನು ಮಾಡುತ್ತಾಳೆ, ಯಾರನ್ನು ನೆನೆಯುತ್ತಾಳೆ ಎಂಬುದು ಅದರಲ್ಲಿ ಬರುವುದಿಲ್ಲ. ಹಾಗಾಗಿ ಸುಮಾರು 1990-91ರಲ್ಲಿ ಅವರು ಏಳು ಮಂದಿ ಹೋರಾಟಗಾರ್ತಿಯರ ಜೊತೆ ಕೂತು, ಎಲ್ಲಿ ಕೂರುತ್ತೀರಿ, ಹೇಗೆ ಕೂರುತ್ತೀರಿ, ಪಕ್ಕದಲ್ಲಿ ಯಾವ ವಸ್ತು ಇಡುತ್ತೀರಿ ಎಂಬುದನ್ನು ಅವರೊಂದಿಗೇ ನಿರ್ಧರಿಸಿದರು. 'ಸೆವೆನ್ ಲೈವ್ಸ್ ಅಂಡ್ ಎ ಡ್ರೀಮ್' ಎಂದು ಆ ಚಿತ್ರಮಾಲೆಯ ಹೆಸರು. ಅದರಲ್ಲಿ ಸತ್ಯರಾಣಿ ಇದ್ದಾರೆ, ಶಹಜಹಾನ್ ಆಪಾ ಇದ್ದಾರೆ. ಇಬ್ಬರೂ ಮದುವೆ ಮಾಡಿಕೊಟ್ಟ ಮಗಳನ್ನು ಕಳೆದುಕೊಂಡ ತಾಯಂದಿರು. ಸತ್ಯರಾಣಿಯವರ ಚಿತ್ರದ ಜಾಗ ಸುಪ್ರೀಂ ಕೋರ್ಟ್. ಮಗಳಿಗಾಗಿ ವರ್ಷಗಟ್ಟಲೆ ಕೋರ್ಟಿಗೆ ಅಲೆದ ತಾಯಿಯ ಫೋಟೋಗೆ ಅಡುಗೆಮನೆಗಿಂತ ಆ ಜಾಗವೇ ಸರಿ ಎನಿಸುತ್ತದೆ. ಅಲ್ಲಿ ಕಟ್ಟಡವೇ ಸಂಕೇತ.

ನಮ್ಮ ರಾಜ್ಯದ ಉದಾಹರಣೆ ಬೇಕೆಂದರೆ ಬೆಂಗಳೂರಿನ ಎನ್. ಪುಷ್ಪಮಾಲಾ. ಶಿಲ್ಪಕಲೆ ಕಲಿತ ಅವರು 1990ರ ದಶಕದಲ್ಲಿ ಕ್ಯಾಮೆರಾದ ಮುಂದೆ ತಾವೇ ವೇಷ ಹಾಕಿ ನಿಲ್ಲತೊಡಗಿದರು. 2000ದಿಂದ 2004ರವರೆಗೆ ಫೋಟೋಗ್ರಾಫರ್ ಕ್ಲೇರ್ ಆರ್ನಿ ಅವರೊಂದಿಗೆ ದಕ್ಷಿಣ ಭಾರತದ ಹೆಣ್ಣುಗಳ ಪ್ರಸಿದ್ಧ ಚಿತ್ರಗಳನ್ನು ಮತ್ತೆ ಹುಟ್ಟುಹಾಕಿದರು. ಕ್ಯಾಲೆಂಡರಿನಲ್ಲಿ ನಾವೆಲ್ಲ ನೋಡಿರುವ ರವಿವರ್ಮನ ಲಕ್ಷ್ಮಿ, ಸಿನಿಮಾ ದೃಶ್ಯಗಳು, ಪತ್ರಿಕೆಯಲ್ಲಿ ಬಂದ ಪೊಲೀಸ್ ಫೋಟೋ, ಎಲ್ಲದರಲ್ಲೂ ಅವರೇ. ಬಿಜಾಪುರದ ಆದಿಲ್‌ಶಾಹಿ ಕಾಲದ ಒಂದು ಚಿತ್ರದಲ್ಲಿ ಮೈನಾ ಹಕ್ಕಿಯ ಜೊತೆ ಇರುವ ಯೋಗಿನಿಯೂ ಅವರಾದರು. (ನಾವು ಮನೆಯಲ್ಲಿ ಆಡುವ ದಖನಿ ಮಾತು ಬೆಳೆದದ್ದೂ ಅದೇ ಬಿಜಾಪುರದ ದರ್ಬಾರಿನಲ್ಲಿ ಎಂದು ತಿಳಿದಾಗ ನನಗೆ ಸುಮ್ಮನೆ ಖುಷಿಯಾಯಿತು.) ಬ್ರಿಟಿಷರ ಕಾಲದಲ್ಲಿ ಬುಡಕಟ್ಟಿನ ಜನರನ್ನು ಚೌಕಳಿ ಗುರುತಿನ ಪರದೆಯ ಮುಂದೆ ನಿಲ್ಲಿಸಿ, ದೇಹದ ಅಳತೆ ಸಿಗುವಂತೆ ಫೋಟೋ ತೆಗೆಯುತ್ತಿದ್ದರು. ಪುಷ್ಪಮಾಲಾ ಅಂಥ ಪರದೆಯ ಮುಂದೆಯೂ ನಿಂತರು. ಆ ಫೋಟೋದಲ್ಲಿ ನನ್ನ ಕಣ್ಣು ಹೋಗುವುದು ಹೆಣ್ಣಿನ ಮೇಲಲ್ಲ, ಹಿಂದಿನ ಚೌಕಳಿಯ ಮೇಲೆ. ಸಾಮಾನು ಅಳೆಯುವ ಹಾಗೆ ಮನುಷ್ಯರನ್ನು ಅಳೆದ ಗುರುತು ಅದು.

ಮುಖವೇ ಇಲ್ಲದ ಉದಾಹರಣೆಯೂ ಬೆಂಗಳೂರಿನದೇ. ಜಾಸ್ಮೀನ್ ಪಥೇಜಾ ವಿದ್ಯಾರ್ಥಿನಿಯಾಗಿದ್ದಾಗ 2003ರಲ್ಲಿ ಶುರು ಮಾಡಿದ 'ಬ್ಲ್ಯಾಂಕ್ ನಾಯ್ಸ್' ಎಂಬ ಗುಂಪು, ಬೀದಿಯಲ್ಲಿ ಬಸ್ಸಿನಲ್ಲಿ ಕಿರುಕುಳ ಅನುಭವಿಸಿದವರಿಂದ ಆ ದಿನ ತೊಟ್ಟಿದ್ದ ಬಟ್ಟೆಯನ್ನು ಕೇಳಿ ಸಂಗ್ರಹಿಸುತ್ತದೆ. "ಎಂಥ ಬಟ್ಟೆ ಹಾಕಿದ್ದೆ?" ಎಂದು ಹುಡುಗಿಯನ್ನೇ ಕೇಳುತ್ತಾರಲ್ಲ, ಅದಕ್ಕೆ ಬಟ್ಟೆಯೇ ಉತ್ತರ ಕೊಡುತ್ತದೆ. ಹೆಸರು ಬೇಡ, ಮುಖ ಬೇಡ. ಒಂದು ಸಾಧಾರಣ ಕುರ್ತಾ ಸಾಕು. ಬೆಳಗಿನ ತುಂಬಿದ ಬಸ್ಸಿನಲ್ಲಿ ಬ್ಯಾಗನ್ನು ಎದೆಗೆ ಒತ್ತಿಕೊಂಡು ನಿಂತು ಬರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅದೇ 2003ರಲ್ಲಿ ರಾಜಸ್ಥಾನದ ಲೂಣಕರಣಸರದಲ್ಲಿ ನಡೆದ ಬಾಲಿಕಾ ಮೇಳದಲ್ಲಿ ಗೌರಿ ಗಿಲ್ ಎಂಬುವರು ಫೋಟೋ ಡೇರೆ ಹಾಕಿ, ಹೇಗೆ ನಿಲ್ಲಬೇಕು, ಯಾರ ಜೊತೆ ನಿಲ್ಲಬೇಕು ಎಂಬುದನ್ನು ಹುಡುಗಿಯರಿಗೇ ಬಿಟ್ಟರು. ನಮ್ಮ ವಯಸ್ಸಿನ ಹಳ್ಳಿ ಹುಡುಗಿಯರು ಎಷ್ಟು ಧೈರ್ಯವಾಗಿ ಕ್ಯಾಮೆರಾ ನೋಡಿದ್ದಾರೆ!

ಇನ್ನು ನಮ್ಮ ವಿಷಯಕ್ಕೆ ಬರುತ್ತೇನೆ. ನಾವು ಮನೆಯವರಿಗೆ ಕೇಳಿದ್ದು ಒಂದೇ: "ನಿಮ್ಮ ಮುಖದ ಬದಲು ಯಾವ ವಸ್ತು ಇಡಲಿ?" ಯಾಕೆ ಎಂದು ಅವರು ಹೇಳಿದರೆ ಕೇಳುವುದು, ಹೇಳದಿದ್ದರೆ ಬಿಡುವುದು.

ಪಿರಿಯಾಪಟ್ಟಣದ ಕಡೆಯಿಂದ ಬರುವ ಗೆಳತಿಯ ತಾಯಿ ತಂಬಾಕಿನ ಕೆಲಸಕ್ಕೆ ಹೋಗುತ್ತಾರೆ. ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಬ್ಯಾರನ್ ಉರಿಯುವ ದಿನಗಳಲ್ಲಿ ಹೆಂಗಸರು ಸಾಲಾಗಿ ಕೂತು ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟುವುದನ್ನು ನೀವು ನೋಡಿರುತ್ತೀರಿ. ಎಲೆಯ ಅಂಟು ಕೈಗೆ ಹತ್ತಿ ಕಪ್ಪಗಾಗುತ್ತದೆ, ಸುಲಭಕ್ಕೆ ಹೋಗುವುದಿಲ್ಲ, ಅದೇ ಕೈಯಲ್ಲಿ ಊಟ ಮಾಡಿದರೆ ಕಹಿ. ಯಾರೇ ಫೋಟೋಗ್ರಾಫರ್ ಆದರೂ ಆ ಕಪ್ಪು ಕೈಯನ್ನೇ ತೆಗೆಯುತ್ತಿದ್ದರು, ಪ್ರಶಸ್ತಿಯೂ ಬರುತ್ತಿತ್ತೇನೋ. ಆದರೆ ಆ ತಾಯಿ, "ಕೈ ಬ್ಯಾಡ ಕಣವ್ವ, ಕೈ ಏನ್ ಚೆಂದ ಅಂತ" ಎಂದು ಹೇಳಿ ಬಚ್ಚಲಿನ ಕಲ್ಲಿನ ಮೇಲಿದ್ದ ಸೋಪು, ತೆಂಗಿನ ನಾರು ತೋರಿಸಿದರು. ಸವೆದ ಸೋಪು, ಅದರ ಮೇಲೆ ಕಪ್ಪು ಗೆರೆಗಳು. ಕೆಲಸ ಮುಗಿದ ಮೇಲೆ ದಿನಾ ಕಾಲು ಗಂಟೆ ಉಜ್ಜುತ್ತಾರಂತೆ, ಮಗಳ ಬಿಳಿ ಯೂನಿಫಾರ್ಮ್ ಮುಟ್ಟುವ ಮೊದಲು. ಗೆಳತಿ ತೆಗೆದದ್ದು ಅದನ್ನೇ. ಕೊಳೆಯನ್ನು ತೋರಿಸುವುದಕ್ಕೂ ಕೊಳೆ ತೊಳೆಯುವ ಹಟವನ್ನು ತೋರಿಸುವುದಕ್ಕೂ ಇರುವ ವ್ಯತ್ಯಾಸ ನನಗೆ ಯಾವ ಪುಸ್ತಕದಲ್ಲೂ ಇಷ್ಟು ಸ್ಪಷ್ಟವಾಗಿ ಸಿಕ್ಕಿರಲಿಲ್ಲ.

ಕೆ.ಆರ್. ನಗರದ ಗೆಳತಿಯ ಅಕ್ಕ ಮೈಸೂರಿಗೆ ದಿನಾ ರೈಲಿನಲ್ಲಿ ಕೆಲಸಕ್ಕೆ ಹೋಗುತ್ತಾಳೆ. (ನಮ್ಮ ಹುಣಸೂರಿಗೆ ರೈಲೇ ಇಲ್ಲ, ಆ ಹೊಟ್ಟೆಕಿಚ್ಚು ಬೇರೆ.) ಅವಳು ಕೊಟ್ಟದ್ದು ಟಿಫನ್ ಡಬ್ಬಿಗೆ ಹಾಕುವ ರಬ್ಬರ್ ಬ್ಯಾಂಡ್. ಕಾರಣ ಹೇಳಲಿಲ್ಲ, ನಕ್ಕಳಂತೆ. ಎಚ್.ಡಿ. ಕೋಟೆ ಕಡೆಯ ಒಬ್ಬಳ ಅಜ್ಜಿ ಏನೂ ಬೇಡ, ವಸ್ತುವೂ ಬೇಡ ಎಂದರು. ಅಲ್ಲಿಗೆ ಮುಗಿಯಿತು. ಬೇಡ ಎಂದವರನ್ನು ಮತ್ತೆ ಮತ್ತೆ ಕೇಳಿ ಒಪ್ಪಿಸುವುದು ಕಲೆಯಲ್ಲ, ಕಾಟ.

ನಮ್ಮ ಅಮ್ಮಿ ಬ್ಲೌಸ್ ಹೊಲಿಯುತ್ತಾರೆ. ಹೊಲಿಗೆ ಯಂತ್ರವನ್ನೇ ಆರಿಸುತ್ತಾರೆ ಎಂದು ಮನೆಯಲ್ಲಿ ಎಲ್ಲರೂ ಅಂದುಕೊಂಡಿದ್ದೆವು. ಅಮ್ಮಿ ಬೀರು ತೆರೆದು ಒಂದು ಪ್ಲಾಸ್ಟಿಕ್ ಕವರ್ ತಂದರು. ಅದರಲ್ಲಿ ಎರಡು ಬಳೆ, ಒಂದು ಚೀಟಿ. ಎರಡು ವರ್ಷದ ಹಿಂದೆ ಅಬ್ಬಾಗೆ ಹುಷಾರು ತಪ್ಪಿದಾಗ ಆ ಬಳೆಗಳನ್ನು ಗಿರವಿ ಇಟ್ಟಿದ್ದರು. ಹದಿನಾಲ್ಕು ತಿಂಗಳು ಹೊಲಿದು, ಬಡ್ಡಿ ಸಮೇತ ಕಟ್ಟಿ ಬಿಡಿಸಿಕೊಂಡರು. ನಾನು ಬಳೆಗಳ ಕಡೆ ಕ್ಯಾಮೆರಾ ತಿರುಗಿಸಿದೆ. ಅಮ್ಮಿ ಅಂದರು: "ಕಂಗನ್ ನಕ್ಕೊ, ಚಿಟ್ಠೀ ಲೇ." ಬಳೆ ಬೇಡ, ಚೀಟಿ ತಗೋ. ಬಳೆ ತವರಿನವರು ಕೊಟ್ಟದ್ದು, ಬಿಡಿಸಿಕೊಂಡದ್ದು ಮಾತ್ರ ನಾನು, ಎಂದರು. ಚೀಟಿಯ ಮೇಲೆ ಸಾಲ ತೀರಿದೆ ಎಂಬ ನೇರಳೆ ಬಣ್ಣದ ಮುದ್ರೆ ಇತ್ತು. ನಮ್ಮ ಪಠ್ಯದ ಪ್ರಕಾರ ಗಿರವಿ ಇಟ್ಟ ಆಸ್ತಿ ಆಗಲೂ ಮಾಲೀಕರದ್ದೇ. ಅದು ಲೆಕ್ಕದ ಮಾತು. ಆ ಹದಿನಾಲ್ಕು ತಿಂಗಳಲ್ಲಿ ಎರಡು ಮದುವೆ ಬಂದವು, ಅಮ್ಮಿ ಎರಡಕ್ಕೂ ಉದ್ದ ತೋಳಿನ ಕುರ್ತಾ ಹಾಕಿಕೊಂಡು ಹೋದರು. ಆಗ ನಾನು ಅದನ್ನು ಫ್ಯಾಷನ್ ಎಂದುಕೊಂಡಿದ್ದೆ.

ಹೆಣ್ಣಿನ ಭಾವನೆ ಎಂದರೆ ಕಣ್ಣೀರೇ ಎಂದು ಮೊದಲೇ ತೀರ್ಮಾನಿಸಿ ಹೊರಟಿದ್ದರೆ ಈ ಚೀಟಿ ಬೀರುವಿನಲ್ಲೇ ಉಳಿಯುತ್ತಿತ್ತು.

ಈಗ ಮಾಡುವ ಕ್ರಮದ ಬಗ್ಗೆ ಸ್ವಲ್ಪ. ದೊಡ್ಡ ಕ್ಯಾಮೆರಾ ಬೇಡ, ಫೋನ್ ಸಾಕು. ಫ್ಲ್ಯಾಶ್ ಹಾಕಬೇಡಿ, ಅದು ವಸ್ತುವನ್ನು ಅಂಗಡಿ ಸಾಮಾನಿನಂತೆ ಚಪ್ಪಟೆ ಮಾಡುತ್ತದೆ. ಬೆಳಿಗ್ಗೆ ಅಥವಾ ಸಂಜೆ ಕಿಟಕಿಯ ಪಕ್ಕ ಇಟ್ಟರೆ ಬೆಳಕು ಒಂದೇ ಕಡೆಯಿಂದ ಬಿದ್ದು ಮಡಿಕೆ, ಗೀರು, ಸವೆತ ಎಲ್ಲ ಎದ್ದು ಕಾಣುತ್ತವೆ. ಹೆಂಚಿನ ಮನೆಯಾದರೆ ಗಾಜಿನ ಹೆಂಚಿನ ಕೆಳಗೆ ಇಡಿ, ಅದಕ್ಕಿಂತ ಒಳ್ಳೆಯ ಸ್ಟುಡಿಯೋ ಇಲ್ಲ. ಝೂಮ್ ಮಾಡುವ ಬದಲು ನೀವೇ ಹತ್ತಿರ ಹೋಗಿ. ಪರದೆಯ ಮೇಲೆ ವಸ್ತುವಿನ ತೀರಾ ಬೆಳಕಿನ ಭಾಗವನ್ನು ಬೆರಳಿನಿಂದ ಮುಟ್ಟಿದರೆ ಉಳಿದದ್ದು ಕತ್ತಲಾಗಿ, ನೋಡುವವರ ಕಣ್ಣು ಒಂದೇ ಕಡೆ ನಿಲ್ಲುತ್ತದೆ. ವಸ್ತುವನ್ನು ಒರೆಸಿ, ಹೊಳಪಿಸಿ, ಹೂವಿಟ್ಟು ಅಲಂಕಾರ ಮಾಡಬೇಡಿ. ಅದು ಮನೆಯಲ್ಲಿ ಎಲ್ಲಿರುತ್ತದೋ ಅಲ್ಲೇ ಇರಲಿ.

ಮುಖವಿಲ್ಲ ಎಂದ ಮಾತ್ರಕ್ಕೆ ಗುರುತು ಸಿಗುವುದಿಲ್ಲ ಎಂದೂ ತಿಳಿಯಬೇಡಿ. ಚೀಟಿಯಲ್ಲಿ ಹೆಸರು, ಖಾತೆ ನಂಬರ್, ಮೊತ್ತ ಎಲ್ಲ ಇರುತ್ತದೆ. ನಾನು ಅಮ್ಮಿಯ ಚೀಟಿಯನ್ನು ಅವರ ಕೈಯಿಂದಲೇ ಮಡಿಸಿಸಿ, ಮುದ್ರೆಯ ಅರ್ಧ ಮಾತ್ರ ಕಾಣುವಂತೆ ತೆಗೆದೆ. ಕನ್ನಡಿಯಲ್ಲಿ, ಸ್ಟೀಲ್ ಪಾತ್ರೆಯಲ್ಲಿ ಪ್ರತಿಬಿಂಬ ಬರುತ್ತದೆ, ನೋಡಿಕೊಳ್ಳಿ. ತೆಗೆದ ಮೇಲೆ ಮೊದಲು ಅವರಿಗೇ ತೋರಿಸಿ. ಅಳಿಸು ಎಂದರೆ ಅವರ ಎದುರಿಗೇ ಅಳಿಸಿ, ಫೋನಿನ ಕಸದ ಬುಟ್ಟಿಯಿಂದಲೂ. ಸ್ಟೇಟಸ್‌ಗೆ ಹಾಕುವುದಕ್ಕೆ ಬೇರೆಯಾಗಿ ಕೇಳಬೇಕು. ಗೋಡೆಗೆ ಕೊಟ್ಟ ಒಪ್ಪಿಗೆ ಫೋನಿಗೆ ಕೊಟ್ಟ ಒಪ್ಪಿಗೆಯಲ್ಲ.

ಕೊನೆಗೆ ಶೀರ್ಷಿಕೆ. "ತಾಯಿಯ ತ್ಯಾಗ", "ಮೌನ ರೋದನ" ಇಂಥವನ್ನು ದಯವಿಟ್ಟು ಬರೆಯಬೇಡಿ. ಅವರು ಆಡಿದ ಮಾತನ್ನು ಅವರ ಭಾಷೆಯಲ್ಲೇ, ನಮ್ಮ ಲಿಪಿಯಲ್ಲಿ ಬರೆಯಿರಿ, ಉರ್ದುವೋ, ಕನ್ನಡವೋ, ತಮಿಳೋ. ಮಾತೇ ಆಡದಿದ್ದರೆ ವಸ್ತುವಿನ ಹೆಸರು ಸಾಕು. ಕೆ.ಆರ್. ನಗರದ ಅಕ್ಕನ ಫೋಟೋ ಕೆಳಗೆ "ರಬ್ಬರ್ ಬ್ಯಾಂಡ್, ಬೆಳಿಗ್ಗೆ" ಎಂದಷ್ಟೇ ಇದೆ.